ಕ್ಯಾಮೆರಾ ಯಾವ ಬಿಂದುವಿನ ಮೇಲೆ ತಿರುಗಬೇಕು?

ಚಿಕ್ಕಮಗಳೂರು ಸುತ್ತಿನ ಹೋಂಸ್ಟೇ ಮಾಲೀಕರು ಗೋಡೆಗೆ ಹಾಕುವ ಪನೋರಮಾಕ್ಕಾಗಿ (ಹಲವು ಫೋಟೋ ಜೋಡಿಸಿ ಮಾಡುವ ಅಗಲದ ಚಿತ್ರ) ನನ್ನ ಸ್ಟುಡಿಯೋಗೆ ಬರುವಾಗ, ಜಗಲಿಯಲ್ಲಿ ನಿಂತು ತಾವೇ ತೆಗೆದ ಏಳೆಂಟು ಫೋಟೋಗಳನ್ನೂ ತಂದು, ‘ಇವನ್ನು ಜೋಡಿಸಿಕೊಡಿ, ಸಾಕು’ ಎನ್ನುತ್ತಾರೆ. ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕಿನ ಪ್ರಮಾಣ, ಬದಲಾಗದಂತೆ ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿಡುವುದು, ಒಂದು ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ನೋಡಿಕೊಳ್ಳುವುದು ಈಗ ಅನೇಕರಿಗೆ ಗೊತ್ತು. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು, ಕ್ಯಾಮೆರಾ ಎಲ್ಲಿಂದ ತಿರುಗಬೇಕು ಎಂಬ ವಿಷಯ.

ಲೆನ್ಸಿನ ಮುಂದಿನಿಂದ ಇಣುಕಿದರೆ ಒಳಗೆ ಅಪರ್ಚರ್‌ನ, ಅಂದರೆ ಬೆಳಕು ಹಾದುಹೋಗುವ ರಂಧ್ರದ, ಬಿಂಬ ಕಾಣುತ್ತದೆ. ಲೆನ್ಸು ನೋಡುವುದು ಆ ಬಿಂಬವಿರುವ ಜಾಗದಿಂದ; ಆದ್ದರಿಂದ ಕ್ಯಾಮೆರಾ ತಿರುಗಬೇಕಾದದ್ದೂ ಅದರ ಮೇಲೆಯೇ. ಟ್ರೈಪಾಡಿನ ಸ್ಕ್ರೂ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಹಿಂದಿರುತ್ತದೆ. ಕೈ ಚಾಚಿ, ಸೊಂಟ ತಿರುಗಿಸುತ್ತಾ ತೆಗೆದರಂತೂ ಕೊನೆಯ ಫ್ರೇಮಿನ ಹೊತ್ತಿಗೆ ಲೆನ್ಸು ಬೇರೆಯೇ ಜಾಗಕ್ಕೆ ಹೋಗಿರುತ್ತದೆ. ಹೆಬ್ಬೆರಳನ್ನು ಮುಖದೆದುರು ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ: ಹಿಂದಿನ ಗೋಡೆಯ ಮೇಲೆ ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಜಗಲಿಯ ಕಂಬಿಗೂ ದೂರದ ಗುಡ್ಡಕ್ಕೂ ಆಗುವುದು ಅದೇ. ಗುಡ್ಡ ಕೂಡಿಸಿದರೆ ಕಂಬಿ ಮುರಿಯುತ್ತದೆ, ಕಂಬಿ ಕೂಡಿಸಿದರೆ ಗುಡ್ಡ ಮುರಿಯುತ್ತದೆ. ಎಂಥ ಸಾಫ್ಟ್‌ವೇರ್ ಆದರೂ ಅದನ್ನು ಮರೆಮಾಚಬಹುದೇ ಹೊರತು ಸರಿಪಡಿಸಲಾರದು.

ಮೂಡಿಗೆರೆ ಕಡೆಯ ತೋಟದ ಮಾಲೀಕರೊಬ್ಬರಿಗೆ ಅವರದೇ ಚಿತ್ರದಲ್ಲಿ ಕಂಬಿ ಮೂರು ಕಡೆ ಮೆಟ್ಟಿಲಿನಂತೆ ತುಂಡಾಗಿರುವುದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಈ ಸಲದ ಮಳೆಗೆ ಬಾಗಿರಬೇಕು ಮಾರಾಯ್ರೆ’ ಎಂದರು. ಅಂಥವರೊಡನೆ ಜಗಳವಾಡುವುದು ಹೇಗೆ?

ಪರೀಕ್ಷೆ ಸುಲಭ. ಟ್ರೈಪಾಡಿನ ಮೇಲೆ ಕ್ಯಾಮೆರಾ ಹಿಂದೆಮುಂದೆ ಸರಿಯುವಂಥ ಒಂದು ರೈಲು ಬೇಕು. ಹತ್ತಿರದ ಕಂಬವೊಂದನ್ನು ತೋಟದಾಚೆಯ ಸಿಲ್ವರ್ ಓಕ್ ಮರದ ಕಾಂಡಕ್ಕೆ ನೇರವಾಗಿ ಹೊಂದಿಸಿ, ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ. ಮರಕ್ಕೆ ಹೋಲಿಸಿದರೆ ಕಂಬ ಎಡಕ್ಕೆ ಸರಿದಂತೆ ಕಂಡರೆ ಕ್ಯಾಮೆರಾವನ್ನು ರೈಲಿನ ಮೇಲೆ ಹಿಂದಕ್ಕೆ ತನ್ನಿ. ಬಲಕ್ಕೆ ಸರಿದರೆ ಮುಂದಕ್ಕೆ ತಳ್ಳಿ. ಎರಡೂ ಅಂಟಿಕೊಂಡೇ ಇರುವ ಜಾಗ ಸಿಕ್ಕಾಗ ರೈಲಿಗೆ ಗುರುತು ಹಾಕಿ. ಜೂಮ್ ಲೆನ್ಸಿನಲ್ಲಿ ಫೋಕಲ್ ಲೆಂತ್ (ದೃಶ್ಯವನ್ನು ಎಷ್ಟು ಹತ್ತಿರ ತರುತ್ತದೆ ಎಂಬ ಅಳತೆ) ಬದಲಾದಂತೆ ಆ ಜಾಗವೂ ಸಾಮಾನ್ಯವಾಗಿ ಬದಲಾಗುವುದರಿಂದ, ನನ್ನ ಲೆನ್ಸಿನ ಅಳತೆ ಕೇಳಿ ಪ್ರಯೋಜನವಿಲ್ಲ.

ಎಲ್ಲೆಡೆಯೂ ಇಷ್ಟು ಕಷ್ಟಪಡಬೇಕೆಂದು ನಾನು ಹೇಳುವುದಿಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಿಂದ ದೂರದ ಬೆಟ್ಟಸಾಲನ್ನಷ್ಟೇ ತೆಗೆಯುವುದಾದರೆ, ಕ್ಯಾಮೆರಾವನ್ನು ಮುಖಕ್ಕೆ ಒತ್ತಿ ಹಿಡಿದು ಕೈಯಲ್ಲೇ ತೆಗೆದರೂ ಬಹುಮಟ್ಟಿಗೆ ನಡೆಯುತ್ತದೆ. ಆಕಾಶದ ನೀಲಿಯನ್ನು ಗಾಢಗೊಳಿಸಲು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಮಾತ್ರ ಬಿಚ್ಚಿಡಿ. ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶವಷ್ಟೇ ಕಡುನೀಲಿಯಾಗಿ, ಅಗಲದ ಚಿತ್ರದಲ್ಲಿ ಪಟ್ಟೆ ಎದ್ದು ಕಾಣುತ್ತದೆ. ಅಯ್ಯನಕೆರೆಯ ಏರಿಯ ಮೇಲೂ ಹಾಗೆಯೇ: ನೀರು ಮತ್ತು ಆಚೆಯ ಶಕುನಗಿರಿ ಸಾಕೆಂದರೆ ತೊಂದರೆಯಿಲ್ಲ, ಕಾಲಬುಡದ ಕಲ್ಲುಗಳೂ ಬರಬೇಕೆಂದರೆ ರೈಲು ಬೇಕು.

ರೈಲಿಲ್ಲದವರು ಹತ್ತಿರದ ಗಿಡವೋ ಕಂಬವೋ ಇಡಿಯಾಗಿ ಒಂದೇ ಫ್ರೇಮಿನ ನಡುವೆ ಬಂದು, ಜೋಡಣೆ ಅದರಿಂದ ದೂರ ಬೀಳುವಂತೆ ತೆಗೆಯಬಹುದು. ಎಡದಿಂದ ಬಲಕ್ಕೆ ಹಾದುಹೋಗುವ ಕಂಬಿಗೆ ಈ ಉಪಾಯ ನಡೆಯದು. ಜಗಲಿ ಇಳಿದು ಅಂಗಳದಂಚಿಗೆ ಹೋಗಿ ತೆಗೆಯಿರಿ.