ಮೀಟರ್ ಬದಲಾಯಿಸಲು ಬಂದವರಿಗೆ ಬಾಗಿಲು ತೆಗೆಯಲೇಬೇಕಾ?

ಪ್ರಶ್ನೆ: ಊರಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಮೊನ್ನೆ ಇಬ್ಬರು ಬಂದು "ಮೀಟರ್ ಚೇಂಜ್ ಮಾಡಬೇಕು, ಬಾಗಿಲು ತೆಗೀರಿ" ಅಂದರಂತೆ. ನಮ್ಮ ಮೀಟರ್ ಇರುವುದು ಹಜಾರದ ಒಳಗೆ. "ಈಗ ಬೇಡ, ಮಗ ಬರಲಿ" ಅಂದದ್ದಕ್ಕೆ, ಹಾಗಾದರೆ ಕರೆಂಟ್ ಕಟ್ ಮಾಡ್ತೀವಿ ಅಂದರಂತೆ. ಅವರಿಗೆ ಅಷ್ಟು ಅಧಿಕಾರ ಇದೆಯಾ?

ಒಳಗೆ ಬರುವ ಅಧಿಕಾರ ಇದೆ. ಹಾಗೆ ನಿಂತ ಕಾಲಲ್ಲಿ ಕರೆಂಟ್ ತೆಗೆಯುವ ಅಧಿಕಾರ ಇಲ್ಲ.

ಇದೆಲ್ಲ ಇರುವುದು 2003ರ ವಿದ್ಯುತ್ ಕಾಯ್ದೆಯ 163ನೇ ಸೆಕ್ಷನ್‌ನಲ್ಲಿ. ಕರೆಂಟ್ ಕೊಡುವ ಕಂಪನಿಯವರು, ಅಥವಾ ಅವರು ಅಧಿಕಾರ ಕೊಟ್ಟು ಕಳಿಸಿದವರು, ಮೀಟರ್ ಮತ್ತು ಲೈನ್ ನೋಡಲು, ರಿಪೇರಿ ಮಾಡಲು, ಬದಲಾಯಿಸಲು, ರೀಡಿಂಗ್ ತೆಗೆದುಕೊಳ್ಳಲು ಮನೆಯೊಳಗೆ ಬರಬಹುದು. ಆದರೆ ಎರಡು ಷರತ್ತು ಇವೆ. ಹೊತ್ತು ಸರಿಯಾದದ್ದಾಗಿರಬೇಕು, ಮತ್ತು ಯಾಕೆ ಬಂದಿದ್ದೇವೆ ಅಂತ ಮನೆಯಲ್ಲಿ ಇರುವವರಿಗೆ ತಿಳಿಸಬೇಕು. ನಿಮ್ಮ ಅಮ್ಮ "ನೀವು ಯಾರು, ಕಾರ್ಡ್ ತೋರಿಸಿ" ಅಂತ ಕೇಳಿದರೆ ಅದು ಅಡ್ಡಿಪಡಿಸಿದಂತೆ ಆಗುವುದಿಲ್ಲ. ಕೇಳಲೇಬೇಕು. ಕಾರ್ಡ್ ನೋಡಿಯೂ ಅನುಮಾನ ಹೋಗದಿದ್ದರೆ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೋ ಸಹಾಯವಾಣಿ 1912ಕ್ಕೋ ಫೋನ್ ಮಾಡಿ, ಬಿಲ್ ಮೇಲಿರುವ ಆರ್‌.ಆರ್. ನಂಬರ್ ಹೇಳಿ ವಿಚಾರಿಸಿ, ಅಲ್ಲಿವರೆಗೆ ಅವರು ಗೇಟಿನ ಹೊರಗೆ ನಿಂತಿರಲಿ.

ಬೇಡವೇ ಬೇಡ ಅಂದರೆ? ಆಗಲೂ ಬಾಗಿಲು ತಳ್ಳಿಕೊಂಡು ಬಂದು ಮೀಟರ್ ಬದಲಾಯಿಸಲು ಈ ಸೆಕ್ಷನ್ ಬಿಡುವುದಿಲ್ಲ. ಅವರು ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು, ಅದು ನಿಮ್ಮ ಕೈಸೇರಿ 24 ಗಂಟೆ ಕಳೆಯಬೇಕು, ಆಮೇಲೂ ನೀವು ಒಪ್ಪದಿದ್ದರೆ ಮಾತ್ರ ಕರೆಂಟ್ ಕಟ್ ಮಾಡಬಹುದು. ನೀವು ಒಪ್ಪಿದ ಮೇಲೂ ಕಟ್ ಮಾಡಿಯೇ ಇಡುವ ಹಾಗಿಲ್ಲ. ಬಾಯಿಮಾತಿನ ಬೆದರಿಕೆ ನೋಟಿಸ್ ಅಲ್ಲ. ಇನ್ನು ನಿಮ್ಮ ಸ್ವಂತ ವೈರಿಂಗ್, ಫಿಟ್ಟಿಂಗ್ ಪರೀಕ್ಷೆ ಮಾಡಬೇಕು ಅಂದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ವಿಶೇಷ ಆದೇಶವೂ ಬೇಕು, 24 ಗಂಟೆಯ ನೋಟಿಸೂ ಬೇಕು.

ಕಳ್ಳತನದ ಅನುಮಾನ ಇದ್ದಾಗ ಮಾತ್ರ ಲೆಕ್ಕ ಬೇರೆ. 135ನೇ ಸೆಕ್ಷನ್ ಪ್ರಕಾರ ಅದಕ್ಕಾಗಿ ಅಧಿಕಾರ ಪಡೆದ ಅಧಿಕಾರಿ ಬೀಗ ಒಡೆದು ಒಳಗೆ ಬಂದು ಹುಡುಕಬಹುದು. ಆದರೂ ಮನೆಯವರು ಎದುರಿಗೇ ಇರಬೇಕು, ತೆಗೆದುಕೊಂಡು ಹೋದ ವಸ್ತುಗಳ ಪಟ್ಟಿ ಕೊಡಬೇಕು. ವಾಸದ ಮನೆಯಾದರೆ ಸೂರ್ಯ ಮುಳುಗಿದ ಮೇಲೆ ಹುಟ್ಟುವವರೆಗೆ, ಅಲ್ಲಿ ವಾಸ ಇರುವ ವಯಸ್ಕ ಗಂಡಸು ಎದುರಿಗೆ ಇಲ್ಲದೆ ತಪಾಸಣೆ ಮಾಡುವಂತಿಲ್ಲ. ಅಮ್ಮ ಒಬ್ಬರೇ ಇದ್ದಾಗ ರಾತ್ರಿ ಯಾರಾದರೂ ಬಂದರೆ ಈ ಮಾತು ಅವರ ನೆನಪಿನಲ್ಲಿ ಇರಲಿ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಏನಂದರೆ, ಬಂದವರು ನಿಜವಾದವರೇ ಅಂತ ಗೊತ್ತಾದರೆ ಸುಮ್ನೆ ಜಗಳ ಬೇಡ. ಸರಿಯಾದ ಮೀಟರ್ ಮೂಲಕವೇ ಕರೆಂಟ್ ಕೊಡಬೇಕು ಅಂತ 55ನೇ ಸೆಕ್ಷನ್ ಕಂಪನಿಗೇ ಹೇಳಿದೆ, ಹಾಗಾಗಿ ಹಳೇ ಮೀಟರೇ ಇರಲಿ ಅಂತ ಹಠ ಹಿಡಿದು ಗೆಲ್ಲುವುದು ಕಷ್ಟ. "ನಾಡಿದ್ದು ಭಾನುವಾರ ನಾನು ಮನೆಯಲ್ಲಿ ಇರ್ತೀನಿ, ಬನ್ನಿ" ಅಂತ ದಿನ ಗೊತ್ತು ಮಾಡಿ, ಅದನ್ನೇ ಬರೆದು ಕಳಿಸಿ.

ನಿಜವಾಗಿ ಎಚ್ಚರ ಬೇಕಾದದ್ದು ಮೀಟರ್ ಬಿಚ್ಚುವ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಚಕ್ರ ತಿರುಗುವ ಹಳೇ ಮೀಟರ್ ಇತ್ತು, ಕ್ಯಾಲೆಂಡರ್ ಹಿಂದೆ, ಗಾಜಿನ ಮೇಲೆ ಧೂಳು ಕೂತು ಅಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ಬಂದವರು ಹತ್ತು ನಿಮಿಷದಲ್ಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದರು. ಕೊನೆಯ ರೀಡಿಂಗ್ ಎಷ್ಟು ಅಂತ ನಾವೂ ಬರೆದಿಟ್ಟುಕೊಳ್ಳಲಿಲ್ಲ, ಅವರೂ ಚೀಟಿ ಕೊಡಲಿಲ್ಲ. ಮುಂದಿನ ತಿಂಗಳು ಬಿಲ್ ಎರಡರಷ್ಟು ಜಾಸ್ತಿ ಬಂದಾಗ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆದ್ದರಿಂದ ಗಾಜು ಒರೆಸಿ, ಹಳೇ ಮೀಟರಿನ ಅಂಕಿ, ಸೀರಿಯಲ್ ನಂಬರ್ ಮತ್ತು ಸೀಲ್ ಮೂರೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಹೊಸದಕ್ಕೂ ಅಷ್ಟೇ. ಸೀಲ್ ಮಾತ್ರ ನೀವು ಮುಟ್ಟಬೇಡಿ, ಪರಿಚಯದ ಎಲೆಕ್ಟ್ರಿಷಿಯನ್ ಕೈಲೂ ಮುಟ್ಟಿಸಬೇಡಿ, ಮೀಟರಿಗೆ ಕೈ ಹಾಕಿದ್ದಾರೆ ಅಂತ ಕಳ್ಳತನದ ಕೇಸ್ ಆಗಬಹುದು.

ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಬಿಲ್ ಬಗ್ಗೆ ಅನುಮಾನ ಬಂದರೆ ದೂರು ಕೊಡಿ. ಕೇಂದ್ರದ ಗ್ರಾಹಕ ಹಕ್ಕು ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ, ದೂರು ಬಂದ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಹೊಸ ಮೀಟರ್ ಜಾಸ್ತಿ ಲೋಡ್ ತೋರಿಸಿತು ಅಂತ ಅದಕ್ಕೂ ಹಿಂದಿನ ತಿಂಗಳುಗಳಿಗೆ ದಂಡ ಹಾಕುವಂತಿಲ್ಲ ಅಂತ 2023ರಲ್ಲೇ ಸೇರಿಸಿದ್ದಾರೆ. ಸೆಕ್ಷನ್ ಆಫೀಸಿನಲ್ಲಿ ಕೆಲಸ ಆಗದಿದ್ದರೆ ಕಂಪನಿಯ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

"ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿಯೇ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಅಂತ ಮೊಬೈಲಿಗೆ ಬರುವ ಮೆಸೇಜ್ ಬಗ್ಗೆಯೂ ಅಮ್ಮನಿಗೆ ಹೇಳಿಡಿ. ಬಾಕಿ ನಿಜವಾಗಿ ಇದ್ದರೂ ಕಟ್ ಮಾಡುವ ಮೊದಲು ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು ಅಂತ 56ನೇ ಸೆಕ್ಷನ್ ಹೇಳುತ್ತದೆ. ಆ ನಂಬರಿಗೆ ಫೋನ್ ಮಾಡುವುದು ಬೇಡ.