ಏಲಕ್ಕಿ ಎಣ್ಣೆಯಲ್ಲಿ ಗ್ಯಾಸ್ ಉಳಿದಿರುತ್ತದೆಯೇ?

ಪ್ರಶ್ನೆ: ಏಲಕ್ಕಿಯ ಎಣ್ಣೆಯನ್ನು ಈಗ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹಾಯಿಸಿ ತೆಗೆಯುತ್ತಾರಂತೆ. ಆ ಗ್ಯಾಸ್ ಎಣ್ಣೆಯಲ್ಲೇ ಉಳಿದು ನಮ್ಮ ಹೊಟ್ಟೆ ಸೇರುವುದಿಲ್ಲವೇ? ಹಬೆಯಲ್ಲಿ ಇಳಿಸಿದ್ದೇ ವಾಸಿಯಲ್ಲವೇ?

ಉತ್ತರ: ಉಳಿಯುವುದಿಲ್ಲ. ಹೋದ ಸಲವೂ ಇದನ್ನೇ ಬರೆದಿದ್ದೆ, ಅದರ ಹಿಂದಿನ ಸಲವೂ. ಒಂದೇ ಮಾತಿನಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ನಮ್ಮಲ್ಲಿ ಗ್ಯಾಸ್ ಎಂದೊಡನೆ ಅಡುಗೆಮನೆಯ ಸಿಲಿಂಡರ್ ಕಣ್ಣಮುಂದೆ ಬರುತ್ತದೆ. ಭಯ ಹುಟ್ಟುವುದೇ ಅಲ್ಲಿ. ಇದು ಆ ಗ್ಯಾಸ್ ಅಲ್ಲ ಸ್ವಾಮಿ. ನೀವು ಈಗ ಹೊರಬಿಟ್ಟ ಉಸಿರಿನಲ್ಲಿ ಇರುವುದು, ಸೋಡಾದಲ್ಲಿ ಗುಳ್ಳೆಯಾಗಿ ಏಳುವುದು ಇದೇ. ಊಟವಾದ ಮೇಲೆ ಒಂದು ಸೋಡಾ ಕುಡಿದು ಹಾಯಾಗಿ ತೇಗುವವರು ಎರಡು ಹನಿ ಏಲಕ್ಕಿ ಎಣ್ಣೆಗೆ ಹೆದರುವುದು ಯಾವ ನ್ಯಾಯ?

ಇನ್ನು ಅದು ಏಕೆ ಉಳಿಯುವುದಿಲ್ಲ ಎಂಬುದು. ನಾವಿರುವ ಗಾಳಿಯ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ನಿಲ್ಲುವುದೇ ಇಲ್ಲ. ಮೈನಸ್ 78 ಡಿಗ್ರಿಗೆ ಇಳಿಸಿದರೆ ನೇರ ಡ್ರೈ ಐಸ್, ಬೆಚ್ಚಗಾದರೆ ನೇರ ಗಾಳಿಯ ಪಾಲು. ಅದರಿಂದ ಕೆಲಸ ತೆಗೆಯಬೇಕಾದರೆ 31 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಸುಮಾರು 74 ಬಾರ್‌ಗಿಂತ ಮೇಲೆ ಅದುಮಬೇಕು (ಬಾರ್ ಎಂದರೆ ಒತ್ತಡದ ಅಳತೆ, ನಮ್ಮ ಸುತ್ತಲ ಗಾಳಿಯದ್ದು ಸುಮಾರು ಒಂದು ಬಾರ್). ಆಗ ಅದು ಗಾಳಿಯ ಹಾಗೆ ಸಂದಿಗೊಂದಿಗೆ ನುಗ್ಗುತ್ತದೆ, ದ್ರವದ ಹಾಗೆ ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ. ಸೂಪರ್‌ಕ್ರಿಟಿಕಲ್ ಎನ್ನುವುದು ಈ ಸ್ಥಿತಿಗೆ. ಹೆಸರು ಕೇಳಿ ಕುಲುಮೆಯನ್ನು ಊಹಿಸಿಕೊಳ್ಳಬೇಡಿ, ರಾಯಚೂರಿನ ಏಪ್ರಿಲ್ ಬಿಸಿಲು 31 ಡಿಗ್ರಿಯನ್ನು ಯಾವತ್ತೋ ದಾಟಿರುತ್ತದೆ.

ಒಂದು ಏಲಕ್ಕಿ ಬಿಡಿಸಿ ನೋಡಿ. ಸಿಪ್ಪೆಯಲ್ಲಿ ಹೆಚ್ಚೇನೂ ಇಲ್ಲ. ಘಮವೆಲ್ಲ ಆ ಕಪ್ಪು ಕಂದು ಕಾಳುಗಳ ಹೊರಪೊರೆಯ ಕೆಳಗಿನ ತೆಳು ಪದರದಲ್ಲಿದೆ. ಇಡೀ ಕಾಳಿನೊಳಕ್ಕೆ ಅನಿಲ ಸುಲಭವಾಗಿ ಇಳಿಯದು, ಹಾಗಾಗಿ ತರಿತರಿಯಾಗಿ ಪುಡಿ ಮಾಡುತ್ತಾರೆ. ಅದನ್ನು ದಪ್ಪ ಉಕ್ಕಿನ ಪಾತ್ರೆಗೆ ತುಂಬಿ, 40 ಡಿಗ್ರಿ ಆಸುಪಾಸಿನಲ್ಲಿ, 100 ಬಾರ್ ಸುಮಾರಿನಲ್ಲಿ ಅನಿಲವನ್ನು ಹಾಯಿಸುತ್ತಾರೆ. ಎಣ್ಣೆ ಹೊತ್ತ ಅನಿಲ ಕವಾಟ ದಾಟಿ ಕಡಿಮೆ ಒತ್ತಡದ ಇನ್ನೊಂದು ಪಾತ್ರೆಗೆ ಬಂದದ್ದೇ ತಡ, ಕರಗಿಸುವ ಶಕ್ತಿ ಹೋಯಿತು. ಎಣ್ಣೆ ಕೆಳಗೆ, ಗ್ಯಾಸ್ ಮೇಲೆ. ಆ ಗ್ಯಾಸನ್ನು ತಣಿಸಿ, ಅದುಮಿ, ಮತ್ತೆ ಬೀಜದ ಕಡೆಗೇ ಕಳಿಸುತ್ತಾರೆ. ಎಣ್ಣೆಯಲ್ಲಿ ಚೂರುಪಾರು ಕರಗಿದ್ದರೂ ಹೊರಗೆ ತೆಗೆದಾಗ ನೊರೆಯಾಗಿ ಹಾರಿಹೋಗುತ್ತದೆ.

ಉಳಿಯಿತೇ ಎಂದು ಕೇಳಬೇಕಾದ್ದು ಹೆಕ್ಸೇನ್ ಬಗ್ಗೆ, ಮಸಾಲೆಯ ಸಾರವನ್ನು ಕರಗಿಸಿ ತೆಗೆಯಲು ಬಳಸುವ ಇನ್ನೊಂದು ದ್ರಾವಕ. ಅದು ಪೆಟ್ರೋಲಿಯಂ ಕಡೆಯ ದ್ರವ, 69 ಡಿಗ್ರಿಯಲ್ಲಿ ಕುದಿಯುತ್ತದೆ, ಕಾಯಿಸಿ ಓಡಿಸಬೇಕು. ಮಸಾಲೆಯಿಂದ ಹೀಗೆ ತೆಗೆದ ಗಟ್ಟಿ ಸಾರವಾದ ಓಲಿಯೋರೆಸಿನ್‌ನಲ್ಲಿ ಹತ್ತು ಲಕ್ಷಕ್ಕೆ 25 ಭಾಗ ಮೀರಬಾರದು ಎಂದು ಅಮೆರಿಕದ ನಿಯಮವಿದೆ. ವಿಚಿತ್ರ ನೋಡಿ, ಇದನ್ನು ನನಗೆ ಯಾರೂ ಕೇಳುವುದೇ ಇಲ್ಲ.

ಹಬೆಯದ್ದು ಕೆಟ್ಟದ್ದೇನಲ್ಲ, ಅಗ್ಗವೂ ಹೌದು. ಆದರೆ 100 ಡಿಗ್ರಿ ಬಿಸಿ, ಜೊತೆಗೆ ನೀರು. ಏಲಕ್ಕಿಯ ಹೂವಿನಂಥ ಸಿಹಿ ಘಮಕ್ಕೆ ಕಾರಣವಾದ ಟರ್ಪಿನೈಲ್ ಅಸಿಟೇಟ್ ಅಲ್ಲಿ ಸ್ವಲ್ಪ ಒಡೆಯುತ್ತದೆ. ಹಾಗೆಂದು ಸಿಒ2 (ಕಾರ್ಬನ್ ಡೈಆಕ್ಸೈಡ್) ಎಂದು ಚೀಟಿ ಅಂಟಿಸಿದ್ದೆಲ್ಲ ಶ್ರೇಷ್ಠವಲ್ಲ. ಒತ್ತಡವನ್ನು 300 ಬಾರ್‌ಗೆ ಏರಿಸಿದರೆ ಘಮದ ಜೊತೆ ಬೀಜದ ಜಿಡ್ಡೂ ಇಳಿದು ಬರುತ್ತದೆ. ಕೊಳ್ಳುವಾಗ ಎಷ್ಟು ಒತ್ತಡದಲ್ಲಿ ತೆಗೆದದ್ದು ಎಂದು ಕೇಳಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಕಾಫಿಯೂ ಬೀಜವೇ. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಜೋಸೆಲ್ ಇದೇ ಅನಿಲದಿಂದ ಕಾಫಿಬೀಜದ ಕೆಫೀನ್ ತೆಗೆಯುವ ದಾರಿ ತೋರಿಸಿದರು. ಹಾಗಾದರೆ ಕಾಫಿಯ ಘಮ ಏಕೆ ಹೋಗುವುದಿಲ್ಲ? ತೆಗೆಯುವುದು ಹುರಿಯದ ಹಸಿರು ಬೀಜದಿಂದ, ಅದರಲ್ಲಿ ಆ ಘಮ ಇನ್ನೂ ಹುಟ್ಟಿಯೇ ಇರುವುದಿಲ್ಲ. ಬೀಜವನ್ನು ಮೊದಲು ನೀರಿನಲ್ಲಿ ನೆನೆಸಬೇಕು, ಒಣ ಬೀಜ ಕೆಫೀನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗೆ ತೆಗೆದ ಕೆಫೀನನ್ನೂ ಸುಮ್ಮನೆ ಚೆಲ್ಲುವುದಿಲ್ಲ. ತಂಪು ಪಾನೀಯದವರು, ಮಾತ್ರೆ ಮಾಡುವವರು ಕೊಂಡುಕೊಳ್ಳುತ್ತಾರೆ.