ಬದಲಿ ಎಂಜಿನ್ನೂ ಪುಲ್ಲಿಯ ಮೇಲಿನ ಸುಳ್ಳು ಗೆರೆಯೂ

ಕಳೆದ ಏಪ್ರಿಲ್‌ನಲ್ಲಿ ಕಲಬುರಗಿಯ ನಮ್ಮ ವರ್ಕ್‌ಶಾಪಿಗೆ ಹಳೆಯ ಕಾಂಟೆಸ್ಸಾ ಕಾರೊಂದನ್ನು ಹಗ್ಗ ಕಟ್ಟಿ ಎಳೆದು ತಂದರು. ಅದರ ಮೂಲ 1489 ಸಿಸಿ ಎಂಜಿನ್ನನ್ನು ತೆಗೆದು, ಹೈದರಾಬಾದಿನ ಹಳೆಯ ಬಿಡಿಭಾಗಗಳ ಮಾರುಕಟ್ಟೆಯಿಂದ ತಂದ 1817 ಸಿಸಿಯ ಇಸುಜು ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಬೇರೊಂದು ವರ್ಕ್‌ಶಾಪಿನಲ್ಲಿ ಕೂರಿಸಿದ್ದರು. ಸೆಲ್ಫ್ ಹೊಡೆದರೆ ಎಂಜಿನ್ ಕೂಡಲೇ ಚಾಲೂ ಆಗುತ್ತಿತ್ತು. ಆದರೆ ಊರು ದಾಟುವುದರೊಳಗೆ ನೀರು ಕುದಿಯುತ್ತಿತ್ತು, ಏರು ಬಂದರೆ ಗಾಡಿ ಎಳೆಯುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ರೇಡಿಯೇಟರ್‌ಗೆ ಹೊಸ ಕೋರ್ ಬಿದ್ದಿತ್ತು, ಫ್ಯಾನ್ ಬದಲಾಗಿತ್ತು, ಎಂಜಿನ್ ಬೆಚ್ಚಗಾಗುವವರೆಗೆ ರೇಡಿಯೇಟರಿನ ನೀರನ್ನು ತಡೆಯುವ ಥರ್ಮೋಸ್ಟಾಟನ್ನು ಕಿತ್ತು ಎಸೆದಾಗಿತ್ತು, ಪೆಟ್ರೋಲು ಗಾಳಿ ಬೆರೆಸುವ ಕಾರ್ಬುರೇಟರನ್ನು ಮೂರು ಬಾರಿ ಬಿಚ್ಚಿ ತೊಳೆದಾಗಿತ್ತು. ನಿಜವಾದ ದೋಷ ಇವುಗಳಲ್ಲಿ ಯಾವುದರಲ್ಲೂ ಇರಲಿಲ್ಲ.

ಕಾಂಟೆಸ್ಸಾವನ್ನು ನಮ್ಮಲ್ಲಿ ಮಸಲ್ ಕಾರ್, ಎಂದರೆ ದೊಡ್ಡ ಎಂಜಿನ್ನಿನ ಬಲಿಷ್ಠ ಕಾರು, ಎನ್ನುವುದುಂಟು. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಓ ಕಾರು ಬಂದ ನಂತರ ಆ ಮಾತಿಗೆ ಒಂದು ಖಚಿತ ಅರ್ಥ ಬಂತು. ಮಧ್ಯಮ ಗಾತ್ರದ ಕಾರಿನ ಹೊಟ್ಟೆಯಲ್ಲಿ 389 ಘನ ಇಂಚಿನ, ಎಂದರೆ ಹೆಚ್ಚುಕಡಿಮೆ 6.4 ಲೀಟರಿನ ವಿ-8 ಎಂಜಿನ್. ಆ ಲೆಕ್ಕದಲ್ಲಿ 88 ಅಶ್ವಶಕ್ತಿಯ ನಮ್ಮ ಕಾಂಟೆಸ್ಸಾವನ್ನು ಮಸಲ್ ಕಾರ್ ಎನ್ನುವುದು ಪ್ರೀತಿಯ ಉತ್ಪ್ರೇಕ್ಷೆಯೇ ಸರಿ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಈ ಕಾರಿನ ಉದ್ದ ಮೂತಿಯೂ ಅಗಲ ಭುಜವೂ ಅದಕ್ಕೆ ಆ ಹೆಸರನ್ನು ಗಳಿಸಿಕೊಟ್ಟವು. ಅಶ್ವಶಕ್ತಿಗಿಂತ ನನ್ನ ಕೆಲಸಕ್ಕೆ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅಲ್ಲಿಯವರಿಗೆ ಹಳೆಯ ಕಾರಿಗೆ ಬೇಕಾದ ಎಂಜಿನ್ ಹೊಸದಾಗಿ ಜೋಡಿಸಲ್ಪಟ್ಟು ಮರದ ಪೆಟ್ಟಿಗೆಯಲ್ಲಿ, ಅಳತೆಗಳ ಕಾಗದದೊಂದಿಗೆ ಮನೆಗೆ ಬರುತ್ತದೆ. ನಮಗೆ ಸಿಗುವುದು ಊರು, ವಯಸ್ಸು, ಓಡಿದ ಕಿಲೋಮೀಟರ್ ಯಾವುದೂ ಗೊತ್ತಿಲ್ಲದ, ಕೆಲವೊಮ್ಮೆ ಎರಡು ಮೂರು ಎಂಜಿನ್‌ಗಳ ಭಾಗ ಸೇರಿಸಿ ಒಂದು ಮಾಡಿದ ವಸ್ತು. ಆದ್ದರಿಂದ ನಮ್ಮಲ್ಲಿ ಟ್ಯೂನಿಂಗ್‌ಗಿಂತ ಮೊದಲು ಪರೀಕ್ಷೆ ನಡೆಯಬೇಕು. ಪರೀಕ್ಷೆಗಿಂತ ಮೊದಲು, ಯಾವ ಗುರುತನ್ನು ನಂಬಿ ಅಳೆಯುತ್ತೇವೆಯೋ ಆ ಗುರುತನ್ನೇ ಪರೀಕ್ಷಿಸಬೇಕು.

ಮೊದಲ ಪರೀಕ್ಷೆ ಕಂಪ್ರೆಷನ್ನಿನದು, ಎಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬುದರದು. ಎಂಜಿನ್ ಬೆಚ್ಚಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಬ್ಯಾಟರಿ ತುಂಬಿರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಕೊನೆಯದನ್ನು ಮರೆತು ಕಡಿಮೆ ಅಂಕಿ ಬಂತೆಂದು ಒಳ್ಳೆಯ ಎಂಜಿನ್ನನ್ನು ಸಿಲಿಂಡರ್ ಕೊರೆಯುವ ಬೋರಿಂಗ್‌ಗೆ ಕಳಿಸಿದವರನ್ನು ನಾನು ಕಂಡಿದ್ದೇನೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಗಾಳಿಯ ಒತ್ತಡವೇ ನೂರಕ್ಕೆ ಐದರಷ್ಟು ಕಡಿಮೆಯಿರುವುದರಿಂದ ಪುಸ್ತಕದ ಅಂಕಿಯನ್ನು ಪೂರ್ತಿ ನಿರೀಕ್ಷಿಸಬಾರದು. ಬೀದರಿನಲ್ಲಿ ಇನ್ನಷ್ಟು ಕಡಿಮೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರವೇ ಹೆಚ್ಚು ಮಾತಾಡುತ್ತದೆ. ಆ ಕಾಂಟೆಸ್ಸಾದಲ್ಲಿ ಬಂದ ಅಂಕಿಗಳು 150, 147, 150 ಮತ್ತು ನಾಲ್ಕನೆಯದರಲ್ಲಿ 108 ಪಿಎಸ್‌ಐ.

ನಾಲ್ಕನೆಯ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿ ಅಂಕಿ ಮೇಲೇರುತ್ತದೆ. ಇಲ್ಲಿ ಅದು 112ಕ್ಕೆ ನಿಂತಿತು. ಪಕ್ಕದ ಸಿಲಿಂಡರಿನ ಅಂಕಿ ಚೆನ್ನಾಗಿಯೇ ಇದ್ದುದರಿಂದ ಎರಡರ ನಡುವೆ ಗ್ಯಾಸ್ಕೆಟ್ ಹಾರಿದೆ ಎನ್ನುವಂತೆಯೂ ಇರಲಿಲ್ಲ. ಪಿಸ್ಟನ್ ಮೇಲಿರುವಾಗ, ಎರಡೂ ವಾಲ್ವ್ ಮುಚ್ಚಿರಬೇಕಾದ ಸ್ಥಿತಿಯಲ್ಲಿ ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರೆ ಸೈಲೆನ್ಸರಿನ ಬಾಯಲ್ಲಿ ಸುಯ್ಯೆಂಬ ಸದ್ದು ಕೇಳಿಸಿತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುತ್ತಿಲ್ಲ ಎಂದಾಯಿತು. ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಕವರ್ ತೆಗೆದು ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿದರೆ ಆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಸಂದೇ ಇರಲಿಲ್ಲ. ರಾಕರ್ ಅದನ್ನು ಸದಾ ಕೂದಲೆಳೆಯಷ್ಟು ಒತ್ತಿಕೊಂಡೇ ಇತ್ತು. ಸಂದನ್ನು ಮ್ಯಾನುಯಲ್ಲಿನ ಅಳತೆಗೆ ತಂದು ಮತ್ತೆ ನೋಡಿದಾಗ 144 ಬಂತು. ಇನ್ನೊಂದೆರಡು ಸಾವಿರ ಕಿಲೋಮೀಟರ್ ಹಾಗೆಯೇ ಓಡಿಸಿದ್ದರೆ ವಾಲ್ವಿನ ಅಂಚು ಸುಟ್ಟು, ಹೆಡ್ ಬಿಚ್ಚುವುದು ಅನಿವಾರ್ಯವಾಗುತ್ತಿತ್ತು.

ಗಾಡಿಯ ಯಜಮಾನರಿಗೆ ಇಷ್ಟಕ್ಕೇ ಸಮಾಧಾನವಾಗಿತ್ತು. "ಚಾಲೂ ಆಗ್ಯಾದಲ್ರಿ ಕಾಕಾ, ಇನ್ನೇನ್ ನೋಡೋದದ?" ಎಂದರು. ಎಂಜಿನ್ ಚಾಲೂ ಆಗುವುದಕ್ಕೂ ಸರಿಯಾಗಿ ನಡೆಯುವುದಕ್ಕೂ ಇರುವ ದೂರವನ್ನು ತೋರಿಸಲು ವ್ಯಾಕ್ಯೂಮ್ ಗೇಜಿಗಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಮಿಶ್ರಣ ಒಳಹೋಗುವ ದಾರಿಯಾದ ಇಂಟೇಕ್ ಮ್ಯಾನಿಫೋಲ್ಡಿಗೆ ಅದರ ಕೊಳವೆ ಜೋಡಿಸಿದರೆ, ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗಿನಲ್ಲಿ ಸಮುದ್ರಮಟ್ಟದ ಊರುಗಳಲ್ಲಿ 17ರಿಂದ 21 ಇಂಚು ಪಾದರಸದಷ್ಟು ಸೆಳೆತ ತೋರಿಸುತ್ತದೆ. ಸಾವಿರ ಅಡಿ ಎತ್ತರಕ್ಕೆ ಒಂದು ಇಂಚಿನಂತೆ ಕಳೆಯುವುದು ರೂಢಿ. ನಮ್ಮ ಊರಿಗೆ ಒಂದೂವರೆ, ಬೀದರಿಗೆ ಎರಡು. ಕಾಂಟೆಸ್ಸಾದ ಮುಳ್ಳು ಅಲುಗಾಡದೆ 14ರಲ್ಲಿ ನಿಂತಿತ್ತು. ಮುಳ್ಳು ತಾಳ ಹಾಕಿದಂತೆ ಬಿದ್ದೇಳುತ್ತಿದ್ದರೆ ಒಂದು ವಾಲ್ವಿನ ಮೇಲೆ ಸಂಶಯ ಪಡಬಹುದು. ಸ್ಥಿರವಾಗಿದ್ದೂ ಕೆಳಗಿದ್ದರೆ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರುತ್ತಿರಬೇಕು, ಇಲ್ಲವೇ ಇಗ್ನಿಷನ್ ಟೈಮಿಂಗ್, ಎಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತು, ತಡವಾಗಿರಬೇಕು. ಸೋರಿಕೆ ಇರಲಿಲ್ಲ. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಿದರೆ, ಎಂಜಿನ್ನಿನ ಮುಂದೆ ಕ್ರ್ಯಾಂಕಿನ ಜೊತೆ ತಿರುಗುವ ಪುಲ್ಲಿಯ ಗೆರೆ ಮ್ಯಾನುಯಲ್ ಹೇಳಿದ ಜಾಗದಲ್ಲೇ ಮಿನುಗುತ್ತಿತ್ತು. ಹಿಂದಿನ ಮಿಸ್ತ್ರಿಗಳೆಲ್ಲ ಇಲ್ಲಿಗೆ ಬಂದು, ಟೈಮಿಂಗ್ ಸರಿಯಿದೆ ಎಂದು ತೀರ್ಮಾನಿಸಿ, ರೇಡಿಯೇಟರಿನ ಕಡೆ ತಿರುಗಿದ್ದರು.

ಆ ಗೆರೆ ನಿಜ ಹೇಳುತ್ತಿದೆಯೇ ಎಂದು ಕೇಳುವುದು ಇಲ್ಲಿ ಉಳಿದಿದ್ದ ಕೆಲಸ. ಅದಕ್ಕೆ ನಾನು ಬಳಸುವ ಉಪಕರಣ ಹಳೆಯ ಪ್ಲಗ್ಗೊಂದರ ಪಿಂಗಾಣಿ ತೆಗೆದು, ಅದರೊಳಗೆ ತುದಿ ಉರುಟು ಮಾಡಿದ ಬೋಲ್ಟ್ ಕೂರಿಸಿ ವೆಲ್ಡ್ ಮಾಡಿದ್ದು. ಬ್ಯಾಟರಿ ಕಳಚಿ, ನಾಲ್ಕೂ ಪ್ಲಗ್ ತೆಗೆದು, ಮೊದಲನೆಯ ಸಿಲಿಂಡರಿನಲ್ಲಿ ಇದನ್ನು ತಿರುಗಿಸಿ ಕೂರಿಸಿದೆ. ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲನೆ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಅಲ್ಲಿ ಎಂಜಿನ್ನಿನ ಕವರಿನ ಮೇಲಿರುವ ಅಲುಗದ ಮುಳ್ಳಿನ ಎದುರು ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ. ಹಿಂದಕ್ಕೆ ತಿರುಗಿಸುತ್ತ ಹೋದರೆ ಇನ್ನೊಂದು ಬದಿಯಿಂದ ಬಂದು ಮತ್ತೆ ತಾಗುತ್ತದೆ; ಅಲ್ಲಿ ಎರಡನೆಯ ಗೆರೆ. ಎರಡರ ನಡುವಿನ ದೂರವನ್ನು ದಾರದಲ್ಲಿ ಅಳೆದು ಅರ್ಧ ಮಾಡಿದರೆ ಪಿಸ್ಟನ್ ನಿಜಕ್ಕೂ ತುತ್ತತುದಿಗೆ ಬರುವ ಜಾಗ ಸಿಗುತ್ತದೆ. ಆ ಪುಲ್ಲಿಯ ವ್ಯಾಸ 140 ಮಿಲಿಮೀಟರ್, ಎಂದರೆ ಅಂಚಿನಲ್ಲಿ ಒಂದು ಡಿಗ್ರಿಗೆ ಸುಮಾರು 1.2 ಮಿಲಿಮೀಟರ್. ನನಗೆ ಸಿಕ್ಕ ನಡುಗೆರೆಗೂ ಕಾರ್ಖಾನೆಯ ಗೆರೆಗೂ ಎಂಟೂವರೆ ಮಿಲಿಮೀಟರ್ ಅಂತರವಿತ್ತು. ಪೂರ್ತಿ ಏಳು ಡಿಗ್ರಿ.

ಪುಲ್ಲಿಯೋ, ಮುಳ್ಳಿರುವ ಮುಂಬದಿಯ ಕವರೋ ಈ ಎಂಜಿನ್ನಿನದಾಗಿರಲಿಲ್ಲ. ಗೆರೆಯನ್ನು ನಂಬಿ ಇಟ್ಟ ಟೈಮಿಂಗಿನಲ್ಲಿ ಕಿಡಿ ಏಳು ಡಿಗ್ರಿ ತಡವಾಗಿ ಬೀಳುತ್ತಿತ್ತು. ತಡವಾಗಿ ಹೊತ್ತಿಕೊಂಡ ಮಿಶ್ರಣ ಪಿಸ್ಟನ್ನನ್ನು ತಳ್ಳುವುದರ ಬದಲು ಕೆಳಗಿಳಿಯುತ್ತಿರುವ ಪಿಸ್ಟನ್ನಿನ ಹಿಂದೆ ಉರಿಯುತ್ತ ಹೋಗಿ, ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ದಾರಿಯಲ್ಲಿ ಹೊರಬೀಳುತ್ತದೆ. ಚಕ್ರಕ್ಕೆ ಸೇರಬೇಕಾದ ಶಕ್ತಿ ಹೆಡ್ಡಿಗೂ ಅಲ್ಲಿಂದ ನೀರಿಗೂ ಸೇರುತ್ತದೆ. ಕುದಿಯುವ ನೀರಿಗೂ ಎಳೆಯದ ಗಾಡಿಗೂ ಕಾರಣ ಒಂದೇ ಆಗಿತ್ತು. ನಡುಗೆರೆಯನ್ನು ಗರಗಸದ ಅಲಗಿನಿಂದ ಕೊರೆದು, ಬಿಳಿ ಬಣ್ಣ ತುಂಬಿ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ ಕಳಚಿ ಬಾಯಿ ಮುಚ್ಚಿ, ಹೊಸ ಗೆರೆಯಿಂದ ಟೈಮಿಂಗ್ ಇಟ್ಟಾಗ ಗೇಜಿನ ಮುಳ್ಳು 17ಕ್ಕೆ ಏರಿತು. ಆಮೇಲೆ ಹೊಸ ಥರ್ಮೋಸ್ಟಾಟ್ ಹಾಕಿಸಿದೆ. ಬಿಸಿಲಿನ ಊರಿನಲ್ಲಿ ಅದು ಬೇಡವೆಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಅದಿಲ್ಲದ ಎಂಜಿನ್ ಚಳಿಗಾಲದಲ್ಲಿ ಬೆಚ್ಚಗಾಗದೆ ಸವೆಯುತ್ತದೆ, ಬೇಸಿಗೆಯ ಕುದಿತ ಅದರಿಂದ ನಿಲ್ಲುವುದೂ ಇಲ್ಲ.

ಹುಡುಗರು ಮೊಬೈಲಿನಲ್ಲಿ ಅಮೆರಿಕದ ಗ್ಯಾರೇಜುಗಳ ವಿಡಿಯೊ ನೋಡಿ ಕಲಿಯುತ್ತಾರೆ, ಅದು ಒಳ್ಳೆಯದೇ. ಆದರೆ ಹೊಸ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಿದೊಡನೆ 2000ದಿಂದ 2500 ಆರ್‌ಪಿಎಮ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕೆಂಬ ಅಲ್ಲಿಯ ನಿಯಮ ವಾಲ್ವ್‌ಗಳನ್ನು ತೆರೆಸುವ ಹೊಸ ಕ್ಯಾಮ್‌ಶಾಫ್ಟಿಗೂ ಅದರ ಮೇಲೆ ಜಾರುವ ಹೊಸ ಚಪ್ಪಟೆ ಟ್ಯಾಪೆಟ್‌ಗಳಿಗೂ ಸಂಬಂಧಿಸಿದ್ದು. ಅವು ಒಂದಕ್ಕೊಂದು ಹೊಂದಿಕೊಳ್ಳಲು ಆಗ ಆಯಿಲ್ ಧಾರಾಳವಾಗಿ ಎರಚಬೇಕು. ಲಕ್ಷ ಕಿಲೋಮೀಟರ್ ಓಡಿ ಹೊಂದಿಕೊಂಡಿರುವ ಹಳೆಯ ಎಂಜಿನ್ನಿಗೆ ಅದರ ಅಗತ್ಯವಿಲ್ಲ. ನಮ್ಮ ಹುಡುಗನೊಬ್ಬ ಮೇ ತಿಂಗಳ ಮಧ್ಯಾಹ್ನ ಅದನ್ನು ಪ್ರಯೋಗಿಸಿ, ರೇಡಿಯೇಟರಿನ ಮುಚ್ಚಳದಿಂದ ಹಾರಿದ ಕೆಂಪು ನೀರಿನಲ್ಲಿ ಸ್ನಾನ ಮಾಡಿದ್ದ. ಹಳೆಯದಕ್ಕೆ ಮುಖ್ಯವಾದದ್ದು ಬೇರೆ: ಪ್ಲಗ್ ತೆಗೆದು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಬರೀ ಸೆಲ್ಫಿನಿಂದ ತಿರುಗಿಸಿ, ಬೇರಿಂಗುಗಳಿಗೆ ಆಯಿಲ್ ತಲುಪಿದ ಮೇಲಷ್ಟೇ ಚಾಲೂ ಮಾಡುವುದು.

ಕಾರ್ಬುರೇಟರಿನ ಸರದಿ ಇವೆಲ್ಲ ಮುಗಿದ ಮೇಲೆ. ಇಲ್ಲಿ ಈಗ ಪೆಟ್ರೋಲೇ ಬದಲಾಗಿದೆ. ಬರೀ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5 ಕಿಲೋ ಸಾಕು. ಕಾರ್ಬುರೇಟರಿನಲ್ಲಿ ಇಂಧನ ಹಾಯುವ ಸಣ್ಣ ರಂಧ್ರದ ತುಂಡಾದ ಜೆಟ್ ಹಳೆಯದೇ ಆಗಿದ್ದು ಇದ್ದಷ್ಟೇ ಇಂಧನ ಬಿಡುವುದರಿಂದ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ. ಹಾಗೆಂದು ಏಪ್ರಿಲ್‌ನಲ್ಲೇ ದೊಡ್ಡ ಜೆಟ್ ಹಾಕಬಾರದು ಎನ್ನುವುದು ನನ್ನ ಅಭಿಪ್ರಾಯ. 42 ಡಿಗ್ರಿ ಬಿಸಿಲಿನಲ್ಲಿ ಗಾಳಿ ಹಗುರ, ನಮ್ಮೂರಿನ ಎತ್ತರದಿಂದ ಇನ್ನಷ್ಟು ಹಗುರ. ಗಾಳಿ ಹಗುರಾದಾಗ ಕಾರ್ಬುರೇಟರ್ ತಾನಾಗಿಯೇ ಮಿಶ್ರಣವನ್ನು ಆರೇಳು ಶೇಕಡಾ ದಪ್ಪ ಮಾಡುತ್ತದೆ. ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ. ಬೇಸಿಗೆಯಲ್ಲಿ ಎಥೆನಾಲಿನ ತಕರಾರು ಜೆಟ್ಟಿನಲ್ಲಿ ಕಾಣುವುದಿಲ್ಲ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಉಬ್ಬುವುದರಲ್ಲಿ, ಬಾನೆಟ್ಟಿನಡಿ ಇಂಧನ ಆವಿಯಾಗಿ ಗಾಡಿ ನಿಲ್ಲುವುದರಲ್ಲಿ ಕಾಣುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ನಮ್ಮ ಹಳೆಯ ಡ್ರೈವರುಗಳ ಉಪಾಯ ಇದಕ್ಕೇ. ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ, ಕಾರ್ಬುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಕೊಟ್ಟರೆ ಬಟ್ಟೆಯ ಅಗತ್ಯ ಬೀಳುವುದಿಲ್ಲ.

ಓಡಿಸಿ ನೋಡಲು ನಾನು ಹುಮನಾಬಾದ್ ರಸ್ತೆಯನ್ನೇ ಆರಿಸುತ್ತೇನೆ, ಕಮಲಾಪುರದ ಕಡೆ ನೆಲ ಏರುತ್ತ ಹೋಗುತ್ತದೆ. ಮೂರನೆಯ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕುಳಿತವನು ಗಡಿಯಾರ ಹಿಡಿದು ನೋಡಬೇಕು. ಒಂದೇ ತುಂಡು ರಸ್ತೆಯಲ್ಲಿ ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆದರೆ ಗಾಳಿ, ಇಳಿಜಾರುಗಳ ಮೋಸ ತಪ್ಪುತ್ತದೆ. ಏರಿನಲ್ಲಿ ಮರಳು ಹುರಿದಂಥ ನಾಕಿಂಗ್ ಸದ್ದು ಕೇಳಿದರೆ ಟೈಮಿಂಗನ್ನು ಒಂದೆರಡು ಡಿಗ್ರಿ ಹಿಂದೆ ಸರಿಸುತ್ತೇನೆ. ಬಿಸಿ ಎಂಜಿನ್ನನ್ನು ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಿ ನೋಡದೆ ಗಾಡಿಯನ್ನು ಯಾರಿಗೂ ಒಪ್ಪಿಸುವುದಿಲ್ಲ.

ಕಾಗದದ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿನ ಎಂಜಿನ್ ನಂಬರ್ ಸುಳ್ಳಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ವಿಷಯ ಇದೇ ಆದ್ದರಿಂದ, ಎಂಜಿನ್ ಖರೀದಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಮಾರಿದವರಿಂದ ರಸೀದಿ ಪಡೆದಿರಬೇಕು.

ಕಾಂಟೆಸ್ಸಾ ಬೇಸಿಗೆಯುದ್ದಕ್ಕೂ ತಕರಾರಿಲ್ಲದೆ ಓಡಿತು. ಜನವರಿಯ ಒಂದು ಬೆಳಿಗ್ಗೆ ಯಜಮಾನರು ಮತ್ತೆ ಬಂದರು: ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ತಡವರಿಸಿ ಆಮೇಲೆ ಮುಂದೆ ಹೋಗುತ್ತದೆ, ಅದೂ ಬೆಳಗಿನ ಹೊತ್ತು ಮಾತ್ರ. ತಂಪು ಗಾಳಿ ಭಾರವಾಗಿ, ಬೇಸಿಗೆಯಲ್ಲಿ ಮುಚ್ಚಿಹೋಗಿದ್ದ, ಎಥೆನಾಲಿನಿಂದಾದ ಇಂಧನದ ಕೊರತೆ ಈಗ ಹೊರಬಿದ್ದಿತ್ತು. 120ರ ಮುಖ್ಯ ಜೆಟ್ ತೆಗೆದು 125ರದ್ದು ಹಾಕಿದೆ. ರಂಧ್ರದ ವ್ಯಾಸದಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವಷ್ಟೇ ಹೆಚ್ಚಿದರೂ ಅದರ ವಿಸ್ತೀರ್ಣ ಸರಿಯಾಗಿ ಬೇಕಾದ ಎಂಟು ಶೇಕಡಾದಷ್ಟು ಹೆಚ್ಚುತ್ತದೆ. ತಡವರಿಕೆ ಅಲ್ಲಿಗೇ ನಿಂತಿತು. ತೆಗೆದ ಜೆಟ್ಟನ್ನು ಕಾಗದದಲ್ಲಿ ಸುತ್ತಿ, ಮೇಲೆ "ಏಪ್ರಿಲ್" ಎಂದು ಬರೆದು, ಅವರ ಕೈಗೇ ಕೊಟ್ಟೆ.